ತಂದೆಯಾದ ದೇವರ ಶ್ರೇಷ್ಠತೆಯನ್ನು ಸತ್ಯವೇದದಲ್ಲಿ ಓದುವ ಕ್ರಮ

ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತಾನೂ ತಂದೆಯೂ ಒಂದಾಗಿದ್ದೇವೆ ಎನ್ನುತ್ತಾನೆ; ಅದೇ ಸುವಾರ್ತೆಯ 14ನೆಯ ಅಧ್ಯಾಯಕ್ಕೆ ಬಂದರೆ ತಂದೆಯು ತನಗಿಂತ ದೊಡ್ಡವನು ಎನ್ನುತ್ತಾನೆ. ಸತ್ಯವೇದ ಅಧ್ಯಯನ ಕೂಟಗಳಲ್ಲಿ ಈ ಎರಡನೆಯ ಮಾತು ಎದುರಾದಾಗ ಕೂಟ ನಡೆಸುವವರು ಅವಸರದ ಸಮಾಧಾನವೊಂದನ್ನು ಹೇಳಿ ಮುಂದಿನ ವಚನಕ್ಕೆ ಸಾಗಿಬಿಡುವುದುಂಟು. ಆದರೆ ತಂದೆಯ ಶ್ರೇಷ್ಠತೆಯೆಂಬುದು ಹೊಸ ಒಡಂಬಡಿಕೆಯ ಯಾವುದೋ ಮೂಲೆಯಲ್ಲಿ ಸಿಕ್ಕುವ ಒಂಟಿ ವಚನದ ಸಮಸ್ಯೆಯಲ್ಲ. ಯೇಸು ಕಲಿಸಿದ ಪ್ರಾರ್ಥನೆಯು ತಂದೆಯನ್ನು ಕರೆದೇ ಆರಂಭವಾಗುತ್ತದೆ. ಪೌಲನು ಸಭೆಗಳಿಗೆ ಕೃಪೆಯನ್ನೂ ಶಾಂತಿಯನ್ನೂ ಹಾರೈಸುವಾಗ ತಂದೆಯಾದ ದೇವರ ಹೆಸರನ್ನು ಮೊದಲು ಹೇಳುತ್ತಾನೆ. ಸಭೆಯು ತನ್ನ ನಂಬಿಕೆಯನ್ನು ಅರಿಕೆಮಾಡುವ ಪುರಾತನ ವಿಶ್ವಾಸಪ್ರಮಾಣಗಳ ಮೊದಲ ಸಾಲೇ ಸರ್ವಶಕ್ತನಾದ ತಂದೆಯದು. ಆದುದರಿಂದ ಆ ಶ್ರೇಷ್ಠತೆಯನ್ನು ಮರೆಮಾಚದೆ, ಮಗನ ಮತ್ತು ಪವಿತ್ರಾತ್ಮನ ದೈವತ್ವವನ್ನೂ ಕುಗ್ಗಿಸದೆ ಈ ವಚನಗಳನ್ನು ಹೇಗೆ ಓದಬೇಕು, ಹೇಗೆ ಓದಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ತಂದೆಯ ಹಿರಿಮೆಯು ಆತನು ಮೂಲವಾಗಿರುವುದರಲ್ಲಿದೆ, ಮತ್ತು ಆ ಮೂಲವು ತನ್ನಲ್ಲಿರುವುದನ್ನೆಲ್ಲ ಮಗನಿಗೆ ಉಳಿಸಿಕೊಳ್ಳದೆ ಕೊಡುವಂಥದ್ದು ಎಂಬ ತಿಳಿವಳಿಕೆಯೇ ಈ ಓದಿನ ಆಧಾರ.

ಓದಲು ಕೂರುವ ಮುನ್ನ

ಮೊದಲು ಎರಡು ತಪ್ಪುದಾರಿಗಳನ್ನು ಗುರುತಿಸಿಟ್ಟುಕೊಳ್ಳಿರಿ. ಬಹುತೇಕ ಗೊಂದಲಗಳು ಇವೆರಡರಲ್ಲಿ ಒಂದಕ್ಕೆ ಸೇರುತ್ತವೆ.

ಒಂದನೆಯದು, ತಂದೆ, ಮಗ, ಪವಿತ್ರಾತ್ಮ ಎಂಬವು ಒಬ್ಬನೇ ದೇವರು ಬೇರೆ ಬೇರೆ ಕಾಲದಲ್ಲಿ ತಾಳಿದ ಮೂರು ರೂಪಗಳು ಎಂಬ ಎಣಿಕೆ. ಮೂರನೆಯ ಶತಮಾನದಲ್ಲಿ ಇದಕ್ಕೆ ಸಬೆಲ್ಲಿಯಸ್ ಎಂಬವನ ಹೆಸರು ಅಂಟಿಕೊಂಡಿತು. ಮಕ್ಕಳಿಗೆ ತ್ರಯೈಕತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಈ ಮೂವರು ಒಬ್ಬನೇ ದೇವರು ಎಂಬುದನ್ನು ಕಲಿಸುವಾಗ ಹೇಳುವ ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ನೇರವಾಗಿ ಈ ದಾರಿಗೇ ಕೊಂಡೊಯ್ಯುತ್ತದೆ. ಅದನ್ನು ಕೈಬಿಡುವುದು ಒಳ್ಳೆಯದು. ಈ ಎಣಿಕೆಯಂತೆ ಓದಿದರೆ ಗೆತ್ಸೇಮನೆಯಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ ಎಂಬ ಪ್ರಶ್ನೆಗೆ ಉತ್ತರವೇ ಉಳಿಯುವುದಿಲ್ಲ. ಮಗನು ಮನುಷ್ಯನಾಗಿ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಡುವ ಆ ರಾತ್ರಿ ಬರಿಯ ನಟನೆಯಾಗಿಬಿಡುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದು ತಂದೆಯ ಶ್ರೇಷ್ಠತೆಯ ಮೇಲಿನ ಅಭಿಮಾನದಿಂದಲೇ ಹುಟ್ಟಿತು. ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂದ್ರಿಯದ ಸಭೆಯಲ್ಲಿ ಹಿರಿಯನಾಗಿದ್ದ ಅರಿಯಸ್, ಆದಿಯಿಲ್ಲದವನು ತಂದೆಯೊಬ್ಬನೇ, ಮಗನು ಎಷ್ಟೇ ಉನ್ನತನಾದರೂ ತಂದೆಯಿಂದ ಉಂಟುಮಾಡಲ್ಪಟ್ಟವನು, ಅವನು ಇಲ್ಲದಿದ್ದ ಒಂದು ಹಂತವಿತ್ತು ಎಂದು ಬೋಧಿಸಿದನು. 325ರಲ್ಲಿ ನೈಸಿಯದಲ್ಲಿ ಕೂಡಿದ ಮಹಾಸಭೆಯು ಇದನ್ನು ತಿರಸ್ಕರಿಸಿ, ಮಗನು ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು, ಹುಟ್ಟಿಸಲ್ಪಟ್ಟವನೇ ಹೊರತು ನಿರ್ಮಿಸಲ್ಪಟ್ಟವನಲ್ಲ, ತಂದೆಯೊಂದಿಗೆ ಒಂದೇ ತತ್ತ್ವವುಳ್ಳವನು ಎಂದು ಅರಿಕೆಮಾಡಿತು. ಅರಿಯಸ್‌ನನ್ನು ವಿರೋಧಿಸುವ ಭರದಲ್ಲಿಯೂ ನೈಸಿಯದಲ್ಲಿ ಕೂಡಿದ್ದ ಸಭಾಪಿತೃಗಳು, ಅಂದರೆ ಆದಿಸಭೆಯ ಬೋಧಕರು, ಮಗನು ತಂದೆಯಿಂದ ಬಂದವನು ಎಂಬುದನ್ನು ಬಿಟ್ಟುಕೊಡಲಿಲ್ಲ. ಬೆಳಕು ಬೆಳಕಿನಿಂದಲೇ ಬಂದಿದೆ. ಬಂದದ್ದು ಮಾತ್ರ ಯಾವ ರೀತಿಯಲ್ಲೂ ಮಂಕಾದ ಬೆಳಕಲ್ಲ. ಸಭೆಯ ನಂತರದ ಚಿಂತನೆಯೆಲ್ಲ ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡು ಬೆಳೆದದ್ದು.

ಮುಂದೆ ಅಲೆಕ್ಸಾಂದ್ರಿಯದ ಬಿಷಪನಾದ ಅಥನಾಸಿಯಸ್ ಅರಿಯಸ್‌ನ ಅನುಯಾಯಿಗಳಿಗೆ ಕೊಟ್ಟ ಉತ್ತರದಲ್ಲಿ ಒಂದು ಸೂಕ್ಷ್ಮವಿದೆ. ದೇವರನ್ನು ಆತನ ಸೃಷ್ಟಿಯ ಕಡೆಯಿಂದ ನೋಡಿ ಆದಿಯಿಲ್ಲದವನು ಎಂದು ಕರೆಯುವುದಕ್ಕಿಂತ, ಮಗನ ಕಡೆಯಿಂದ ನೋಡಿ ತಂದೆ ಎಂದು ಕರೆಯುವುದೇ ಹೆಚ್ಚು ಭಕ್ತಿಯುಕ್ತವೂ ಸತ್ಯವೂ ಆದದ್ದು ಎಂದು ಆತನು ಬರೆದನು. ಮಗನಿಲ್ಲದಿದ್ದ ಹಂತವೊಂದಿದ್ದರೆ ದೇವರು ತಂದೆಯಲ್ಲದಿದ್ದ ಹಂತವೂ ಇದ್ದಂತಾಗುತ್ತದೆ. ಆಗ ತಂದೆತನವು ಆತನಿಗೆ ನಡುವೆ ಬಂದು ಸೇರಿದ ಪದವಿಯಾಗುತ್ತದೆ. ತಂದೆಯನ್ನು ಏಕಾಂಗಿ ಚಕ್ರವರ್ತಿಯಂತೆ ಎತ್ತರದಲ್ಲಿ ಕೂರಿಸಹೊರಟ ಅರಿಯಸ್‌ಗೆ ಉಳಿದದ್ದು ಎತ್ತರ ಮಾತ್ರ. ನಿತ್ಯವಾದ ತಂದೆತನವನ್ನು ಅವನು ಕಳೆದುಕೊಂಡನು.

ಮೂರು ಕಾಲಮುಗಳ ಪುಸ್ತಕ

ಈಗ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟದ ಮೇಲೆ ಮೂರು ಕಾಲಮುಗಳನ್ನು ಹಾಕಿಕೊಳ್ಳಿರಿ. ಈ ವಿಂಗಡಣೆ ಹೊಸದಲ್ಲ. ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು ತ್ರಯೈಕತ್ವವನ್ನು ಕುರಿತು ಬರೆದ ಗ್ರಂಥದ ಮೊದಲ ಭಾಗಗಳಲ್ಲಿ ವಚನಗಳನ್ನು ಹೀಗೆಯೇ ವಿಂಗಡಿಸುತ್ತಾನೆ.

ಮೊದಲ ಕಾಲಮಿನಲ್ಲಿ ಮಗನು ತಂದೆಗೆ ಸಮಾನನೆಂದು ತೋರಿಸುವ ವಚನಗಳು ಬರಲಿ. ಯೋಹಾನ 1:1, 10:30, ತೋಮನು ಪುನರುತ್ಥಾನನಾದ ಯೇಸುವನ್ನು ತನ್ನ ಕರ್ತನೂ ತನ್ನ ದೇವರೂ ಎಂದು ಕರೆಯುವ 20:28, ಫಿಲಿಪ್ಪಿ 2:6, ಇಬ್ರಿಯ 1:3 ಇಂಥವು. ಎರಡನೆಯ ಕಾಲಮಿನಲ್ಲಿ ಮಗನು ಮನುಷ್ಯನಾಗಿ, ದಾಸನ ರೂಪವನ್ನು ಧರಿಸಿಕೊಂಡು ಆಡಿದ ಮತ್ತು ಅನುಭವಿಸಿದ ಸಂಗತಿಗಳಿರಲಿ: ಹಸಿವು, ಆಯಾಸ, ಕಣ್ಣೀರು, ವಿಧೇಯತೆ, ಮರಣ. ಈ ಎರಡು ಕಾಲಮುಗಳಿಗೆ ಆಧಾರ ಫಿಲಿಪ್ಪಿ 2:6 ಮತ್ತು 7ನೆಯ ವಚನಗಳೇ, ಏಕೆಂದರೆ ದೇವಸ್ವರೂಪ ಮತ್ತು ದಾಸನ ರೂಪ ಎರಡನ್ನೂ ಪೌಲನು ಅಲ್ಲಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಇಷ್ಟಕ್ಕೆ ನಿಲ್ಲಿಸಿದರೆ ಕೆಲಸ ಅರ್ಧವಾದಂತೆ, ಮತ್ತು ಹೆಚ್ಚಿನ ಬೋಧಕರು ನಿಲ್ಲಿಸುವುದು ಇಲ್ಲಿಯೇ. ಮಗನು ತಂದೆಗಿಂತ ಕಡಿಮೆಯೆಂದು ತೋರುವ ಪ್ರತಿಯೊಂದು ವಚನವನ್ನೂ ಮನುಷ್ಯತ್ವದ ಕಾಲಮಿಗೆ ತಳ್ಳಿಬಿಟ್ಟರೆ, ಶಾಶ್ವತವಾಗಿ ತಂದೆಗೆ ಸಲ್ಲುವ ವಿಶೇಷತೆ ಏನು ಎಂಬುದು ಕಾಣದೆಹೋಗುತ್ತದೆ. ಅದಕ್ಕಾಗಿಯೇ ಅಗಸ್ಟೀನನು ಮೂರನೆಯ ಬಗೆಯೊಂದನ್ನು ಹೇಳಿದನು: ಮಗನು ಕಡಿಮೆಯೆಂದಾಗಲಿ ಸಮಾನನೆಂದಾಗಲಿ ಹೇಳದೆ, ಆತನು ತಂದೆಯಿಂದ ಬಂದವನು ಎಂಬುದನ್ನಷ್ಟೇ ತಿಳಿಸುವ ವಚನಗಳು. ಮೂರನೆಯ ಕಾಲಮು ಅವುಗಳದು. ತಂದೆಯ ಶ್ರೇಷ್ಠತೆಯ ವಿಷಯದಲ್ಲಿ ಈ ಕಾಲಮೇ ಅತಿ ಮುಖ್ಯವಾದದ್ದು, ಆದರೆ ತುಂಬಲು ಸಮಯ ಬೇಡುವಂಥದ್ದು.

ಒಂದೇ ವಚನವು ಎರಡು ಕಾಲಮುಗಳಲ್ಲಿ ಬರಬಹುದು, ಅದಕ್ಕೆ ಹಿಂಜರಿಯಬೇಕಾಗಿಲ್ಲ.

ಯೋಹಾನ 5ನೆಯ ಅಧ್ಯಾಯದಲ್ಲಿ ಅಭ್ಯಾಸ

ಮೂರು ಕಾಲಮುಗಳನ್ನು ಒಟ್ಟಿಗೆ ಪ್ರಯೋಗಿಸಿ ನೋಡಲು ಯೋಹಾನ 5:17ರಿಂದ 30ರವರೆಗಿನ ಭಾಗಕ್ಕಿಂತ ಒಳ್ಳೆಯ ಸ್ಥಳ ಸಿಕ್ಕುವುದಿಲ್ಲ. ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನನ್ನು ಯೇಸು ಸಬ್ಬತ್ ದಿನದಲ್ಲಿ ಗುಣಪಡಿಸಿದ್ದಾನೆ. ಆಕ್ಷೇಪಿಸಿದವರಿಗೆ, ತನ್ನ ತಂದೆಯು ಈವರೆಗೂ ಕೆಲಸ ಮಾಡುತ್ತಿದ್ದಾನೆ, ತಾನೂ ಮಾಡುತ್ತೇನೆ ಎಂದು ಉತ್ತರಿಸಿದ್ದಾನೆ. ದೇವರನ್ನು ಸ್ವಂತ ತಂದೆ ಎಂದು ಕರೆದು ತನ್ನನ್ನು ದೇವರಿಗೆ ಸರಿಸಮಾನ ಮಾಡಿಕೊಳ್ಳುತ್ತಿದ್ದಾನೆ ಎಂಬ ಆರೋಪ 18ನೆಯ ವಚನದಲ್ಲಿ ಬರುತ್ತದೆ. ಮುಂದಿನ ಮಾತುಗಳು ಆ ಆರೋಪಕ್ಕೆ ಕೊಟ್ಟ ಉತ್ತರವಾದುದರಿಂದ 18ನೆಯ ವಚನವನ್ನು ಬಿಟ್ಟು 19ರಿಂದ ಓದಬೇಡಿರಿ.

19ನೆಯ ವಚನದ ಮೊದಲ ಭಾಗವನ್ನು ನಿಧಾನವಾಗಿ ಓದಿರಿ: ಮಗನು ತನ್ನಷ್ಟಕ್ಕೆ ತಾನೇ ಏನನ್ನೂ ಮಾಡಲಾರನು, ತಂದೆಯು ಮಾಡುವುದನ್ನು ಕಂಡೇ ಮಾಡುತ್ತಾನೆ. ಇಲ್ಲಿಗೆ ನಿಂತರೆ ಇದು ಅಧೀನನ ಮಾತು. ಆದರೆ ವಾಕ್ಯ ಇನ್ನೂ ಮುಗಿದಿಲ್ಲ. ತಂದೆಯು ಏನೇನು ಮಾಡುತ್ತಾನೋ ಅದನ್ನೆಲ್ಲ ಮಗನೂ ಹಾಗೆಯೇ ಮಾಡುತ್ತಾನೆ ಎಂದು ಅದು ಮುಂದುವರಿಯುತ್ತದೆ. ಯಾವ ಪ್ರವಾದಿಯೂ, ಯಾವ ದೇವದೂತನೂ ಈ ಎರಡನೆಯ ಅರ್ಧವನ್ನು ಹೇಳಲಾರನು. ದೇವರು ಮಾಡುವುದೆಲ್ಲವನ್ನೂ ಅದೇ ರೀತಿಯಲ್ಲಿ ಮಾಡಬಲ್ಲವನು ದೇವರೇ ಆಗಿರಬೇಕು. ಆದರೂ ಆತನು ಅದನ್ನು ತನ್ನಿಂದ ತಾನೇ ಮಾಡುವುದಿಲ್ಲ, ತಂದೆಯಿಂದ ಪಡೆದೇ ಮಾಡುತ್ತಾನೆ. ಕೂಟದಲ್ಲಿ ಇಬ್ಬರು ಒಂದೊಂದು ಅರ್ಧವನ್ನು ಗಟ್ಟಿಯಾಗಿ ಓದಲಿ, ಮಿಕ್ಕವರು ಆ ಮಾತು ಯಾವ ಕಾಲಮಿಗೆ ಸೇರಬೇಕೆಂದು ಹೇಳಲಿ. ಚರ್ಚೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ತಂದೆಯು ಮಗನಿಗೆ ಏನೇನು ಕೊಟ್ಟನೆಂಬುದನ್ನು ಬರೆದುಕೊಳ್ಳುತ್ತ ಹೋಗಿರಿ. 21ರಲ್ಲಿ ತಂದೆಯು ಸತ್ತವರನ್ನು ಬದುಕಿಸುವ ಹಾಗೆಯೇ ಮಗನೂ ಬದುಕಿಸುತ್ತಾನೆ. 22ರಲ್ಲಿ ತಂದೆಯು ತೀರ್ಪುಮಾಡುವ ಅಧಿಕಾರವನ್ನೆಲ್ಲ ಮಗನಿಗೆ ಒಪ್ಪಿಸಿದ್ದಾನೆ. 23ರಲ್ಲಿ ಇದೆಲ್ಲದರ ಉದ್ದೇಶವಿದೆ: ಎಲ್ಲರೂ ತಂದೆಗೆ ಸಲ್ಲಿಸುವ ಗೌರವವನ್ನೇ ಮಗನಿಗೂ ಸಲ್ಲಿಸಬೇಕು. 26ನೆಯ ವಚನವಂತೂ ಇಡೀ ವಿಷಯದ ತಿರುಳು; ತಂದೆಯು ತನ್ನಲ್ಲಿಯೇ ಜೀವವುಳ್ಳವನಾಗಿರುವಂತೆ ಮಗನೂ ತನ್ನಲ್ಲಿಯೇ ಜೀವವುಳ್ಳವನಾಗಿರುವಂತೆ ಕೊಟ್ಟಿದ್ದಾನೆ. ಯಾರಿಂದಲೂ ಎರವಲು ಪಡೆಯದೆ ತನ್ನಲ್ಲಿಯೇ ಜೀವವಿರುವುದು ದೇವರ ಲಕ್ಷಣ. ಆ ಲಕ್ಷಣವನ್ನೇ ತಂದೆಯು ಮಗನಿಗೆ ಕೊಡುತ್ತಾನೆ, ಅದೂ ಕಾಲದ ಒಂದು ಘಳಿಗೆಯಲ್ಲಿ ಅಲ್ಲ, ನಿತ್ಯವಾಗಿ. ಕೊಡುವವನು ತಂದೆಯೇ, ಆದುದರಿಂದ ಮೂಲವೆಂಬ ಹಿರಿಮೆ ಆತನದು. ಕೊಟ್ಟದ್ದು ತನ್ನಷ್ಟೇ ಪೂರ್ಣವಾದದ್ದು, ಆದುದರಿಂದ ಪಡೆದವನು ಕಿರಿಯನಲ್ಲ. ಈ ಒಂದು ವಚನವನ್ನು ಕೂಟದವರು ಗಟ್ಟಿಯಾಗಿ ಹಿಡಿದುಕೊಂಡರೆ ಮಿಕ್ಕ ಕಷ್ಟಗಳು ಎಷ್ಟೋ ಸುಲಭವಾಗುತ್ತವೆ.

1 ಕೊರಿಂಥ 8:6

ಮುಂದೆ ಪೌಲನ ಈ ವಚನಕ್ಕೆ ಬನ್ನಿರಿ. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಪ್ರಶ್ನೆಯನ್ನು ಬಿಡಿಸುತ್ತ ಪೌಲನು, ನಮಗಾದರೋ ಒಬ್ಬನೇ ದೇವರು, ತಂದೆ, ಸಮಸ್ತವೂ ಆತನಿಂದಲೇ; ಒಬ್ಬನೇ ಕರ್ತನು, ಯೇಸು ಕ್ರಿಸ್ತನು, ಸಮಸ್ತವೂ ಆತನ ಮುಖಾಂತರವೇ ಎಂಬರ್ಥದ ಮಾತನ್ನು ಬರೆಯುತ್ತಾನೆ. ಇದನ್ನು ಓದುವಾಗ ಪಕ್ಕದಲ್ಲಿ ಧರ್ಮೋಪದೇಶಕಾಂಡ 6:4ನ್ನು ತೆರೆದಿಟ್ಟುಕೊಳ್ಳಿರಿ. ಇಸ್ರಾಯೇಲರು ದಿನವೂ ಹೇಳುವ ಆ ಅರಿಕೆಯಲ್ಲಿರುವ ದೇವರು ಮತ್ತು ಕರ್ತನು ಎಂಬ ಎರಡು ಹೆಸರುಗಳಲ್ಲಿ ಒಂದು ಇಲ್ಲಿ ತಂದೆಗೂ ಇನ್ನೊಂದು ಯೇಸುವಿಗೂ ಸಂದಿರುವುದು ಕಾಣುತ್ತದೆ. ಹೀಗೆ ಪೌಲನು ಏಕದೇವರ ಅರಿಕೆಯ ಒಳಗೇ ಮಗನನ್ನು ಸೇರಿಸುತ್ತಾನೆ. ಹೊರಗೆ ಎರಡನೆಯ ದೇವರೊಬ್ಬನನ್ನು ನಿಲ್ಲಿಸುವುದಿಲ್ಲ. ಆದರೂ ಒಬ್ಬನೇ ದೇವರು ಎಂದೊಡನೆ ಆತನ ಬಾಯಿಗೆ ಬರುವ ಹೆಸರು ತಂದೆಯದು. ತ್ರಯೈಕತ್ವವನ್ನು ನಂಬುವವರು ಇದನ್ನು ಒಪ್ಪಿಕೊಳ್ಳಲು ಮುಜುಗರಪಡಬೇಕಾಗಿಲ್ಲ. ಹೊಸ ಒಡಂಬಡಿಕೆಯಲ್ಲಿ ದೇವರು ಎಂಬ ಹೆಸರು ಬರಿದಾಗಿ ಬಂದಾಗ ಸಾಮಾನ್ಯವಾಗಿ ಅದು ತಂದೆಯನ್ನೇ ಸೂಚಿಸುತ್ತದೆ, ಮತ್ತು ವಿಶ್ವಾಸಪ್ರಮಾಣವೂ ಒಬ್ಬನೇ ದೇವರನ್ನು, ಅಂದರೆ ತಂದೆಯನ್ನು ನಂಬುತ್ತೇವೆ ಎಂದೇ ಆರಂಭವಾಗುತ್ತದೆ.

ಯೋಹಾನ 17:3ನ್ನೂ ಇದೇ ಕ್ರಮದಲ್ಲಿ ಓದಿರಿ. ತಂದೆಯೇ ಒಬ್ಬನೇ ಸತ್ಯದೇವರು ಎಂಬ ಆ ಮಾತನ್ನು ಯೆಹೋವನ ಸಾಕ್ಷಿಗಳು ಮತ್ತು ತ್ರಯೈಕತ್ವವನ್ನು ಒಪ್ಪದ ಇತರರು ತಮ್ಮ ಪಕ್ಷದ ಆಧಾರವಾಗಿ ಎತ್ತಿ ಹೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಹೀಗಳೆಯಬಾರದು. ಆದರೆ ಅದೇ ಪ್ರಾರ್ಥನೆಯ 5ನೆಯ ವಚನದಲ್ಲಿ ಜಗತ್ತು ಉಂಟಾಗುವುದಕ್ಕಿಂತ ಮುಂಚೆ ತಂದೆಯ ಬಳಿಯಲ್ಲಿ ತನಗಿದ್ದ ಮಹಿಮೆಯನ್ನು ಯೇಸು ಕೇಳುತ್ತಾನೆ. ತನ್ನ ಮಹಿಮೆಯನ್ನು ಮತ್ತೊಬ್ಬನಿಗೆ ಸಲ್ಲಗೊಡೆನು ಎಂದು ಯೆಶಾಯ 42:8ರಲ್ಲಿ ಹೇಳಿದ ದೇವರ ಮುಂದೆ, ಸೃಷ್ಟಿಗೆ ಸೇರಿದ ಯಾರೂ ಅಂಥ ಬೇಡಿಕೆಯನ್ನಿಡಲಾರರು.

ದೊಡ್ಡವನು ಎಂಬ ಮಾತು, ತಿಳಿಯದೆಂಬ ಮಾತು

ತಂದೆಯು ತನಗಿಂತ ದೊಡ್ಡವನು ಎಂದು ಯೇಸು ಹೇಳುವ ಯೋಹಾನ 14:28ಕ್ಕೆ ಸಭಾಪಿತೃಗಳು ಎರಡು ವಿವರಣೆಗಳನ್ನು ಕೊಟ್ಟಿದ್ದಾರೆ. ಅಗಸ್ಟೀನನೂ ಲ್ಯಾಟಿನ್ ಭಾಷೆಯ ಪಾಶ್ಚಾತ್ಯ ಸಭೆಯ ಹಲವರೂ ಮನುಷ್ಯನಾಗಿ ಬಂದ ಮಗನ ಸ್ಥಿತಿಯಿಂದ ಅದನ್ನು ಬಿಡಿಸಿದರು. ಅಥನಾಸಿಯಸ್‌ನ ಹೆಸರಿನಲ್ಲಿ ಬಂದಿರುವ ವಿಶ್ವಾಸಪ್ರಮಾಣವೂ ದೈವತ್ವದಲ್ಲಿ ತಂದೆಗೆ ಸಮಾನ, ಮನುಷ್ಯತ್ವದಲ್ಲಿ ತಂದೆಗಿಂತ ಕಡಿಮೆ ಎಂದೇ ಹೇಳುತ್ತದೆ. ಕಪ್ಪದೋಕ್ಯ ಪ್ರಾಂತ್ಯದ ಸಭಾಪಿತೃಗಳಾದ ಬೆಸಿಲ್ ಮತ್ತು ನಾಜಿಯಾನ್ಜಸಿನ ಗ್ರೆಗರಿಯವರಾದರೋ ತಂದೆಯು ಮಗನಿಗೆ ಮೂಲವಾಗಿರುವುದರಿಂದ ದೊಡ್ಡವನು, ಸ್ವಭಾವದಲ್ಲಿ ಸಮಾನನು ಎಂಬ ವಿವರಣೆಗೆ ಒಲಿದರು. ಮನುಷ್ಯನಿಗಿಂತ ದೇವರು ದೊಡ್ಡವನೆಂದರೆ ಅದರಲ್ಲಿ ಆಶ್ಚರ್ಯವೇನಿದೆ ಎಂಬುದು ಗ್ರೆಗರಿಯ ಮಾತು. ಮೊದಲ ವಿವರಣೆ ನಿಜವಾದರೂ ಆತನಿಗೆ ಅದು ಸಾಲದು. ಗ್ರೆಗರಿಯ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಆ ಅಧ್ಯಾಯದಲ್ಲಿ ಯೇಸು ಮಾತಾಡುತ್ತಿರುವುದು ತಾನು ಬಂದ ಕಡೆಗೆ ಹಿಂದಿರುಗುವುದನ್ನು ಕುರಿತು. ಆದರೂ ಎರಡನ್ನೂ ಕೂಟದ ಮುಂದಿಡಿರಿ. ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ಮಾರ್ಕ 13:32 ಇದಕ್ಕಿಂತ ತೊಡಕಿನದು. ಆ ದಿನವೂ ಆ ಘಳಿಗೆಯೂ ತಂದೆಗೆ ಹೊರತು ಮತ್ತಾರಿಗೂ, ಮಗನಿಗೂ ಕೂಡ ತಿಳಿಯದು ಎಂದು ಯೇಸು ಅಲ್ಲಿ ಹೇಳುತ್ತಾನೆ. ಮನುಷ್ಯನಾಗಿ ಆತನು ನಮ್ಮ ಅರಿಯದಿರುವಿಕೆಯನ್ನೂ ಹೊತ್ತನು ಎಂದು ಅಥನಾಸಿಯಸ್ ವಿವರಿಸಿದನು. ಶಿಷ್ಯರಿಗೆ ತಿಳಿಸುವುದಕ್ಕಾಗಿ ಅಲ್ಲ ಎಂಬ ಅರ್ಥದಲ್ಲಿ ಆತನಿಗೆ ತಿಳಿಯದು ಎಂದು ಅಗಸ್ಟೀನನು ಬರೆದನು. ಇದು ಸ್ವಲ್ಪ ಎಳೆದಂತೆ ಕಾಣುತ್ತದೆ. ಮಗನಿಗೆ ಆ ಅರಿವು ಇರುವುದಾದರೆ ಅದೂ ತಂದೆಯಿಂದಲೇ ಬಂದದ್ದು, ಅರಿವಿನ ಮೂಲ ತಂದೆಯೇ ಎಂಬುದು ಬೆಸಿಲನ ವಿವರಣೆ. ಈ ವಚನವನ್ನು ಎರಡನೆಯ ಕಾಲಮಿನಲ್ಲಿ ಬರೆದು, ಮೂರನೆಯದರಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಸಾಗುವುದರಲ್ಲಿ ತಪ್ಪೇನೂ ಇಲ್ಲ.

1 ಕೊರಿಂಥ 15:24ರಿಂದ 28

ತಂದೆಯ ಶ್ರೇಷ್ಠತೆಯನ್ನು ಇಷ್ಟು ನೇರವಾಗಿ ಹೇಳುವ ಭಾಗ ಸತ್ಯವೇದದಲ್ಲಿ ಇನ್ನೊಂದಿರಲಾರದು. ಕ್ರಿಸ್ತನು ಎಲ್ಲ ದೊರೆತನವನ್ನೂ ಅಧಿಕಾರವನ್ನೂ ನಿವೃತ್ತಿಮಾಡಿ ರಾಜ್ಯವನ್ನು ತಂದೆಯಾದ ದೇವರಿಗೆ ಒಪ್ಪಿಸಿಕೊಡುವನು; ಕಡೆಯ ಶತ್ರುವಾದ ಮರಣವೂ ಇಲ್ಲವಾಗುವುದು; ಸಮಸ್ತವೂ ಮಗನಿಗೆ ಅಧೀನವಾದ ಮೇಲೆ ಮಗನು ತಾನೂ ಅಧೀನನಾಗುವನು; ಹೀಗೆ ದೇವರು ಸಮಸ್ತದಲ್ಲಿಯೂ ಸಮಸ್ತವಾಗಿರುವನು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಲು ಹೇಳಿರಿ. ಮೊದಲನೆಯದಾಗಿ, ಪೌಲನು 110ನೆಯ ಮತ್ತು 8ನೆಯ ಕೀರ್ತನೆಗಳ ಮಾತುಗಳನ್ನು ಬಳಸುತ್ತಿದ್ದಾನೆ. 8ನೆಯ ಕೀರ್ತನೆಯಲ್ಲಿ ಎಲ್ಲವನ್ನೂ ಪಾದದ ಕೆಳಗೆ ಪಡೆದವನು ಮನುಷ್ಯನು. ಈ ಅಧ್ಯಾಯದಲ್ಲಿಯೂ ಆದಾಮನಿಗೆ ಎದುರಾಗಿ ಕ್ರಿಸ್ತನನ್ನು ನಿಲ್ಲಿಸಿ ಮಾತು ನಡೆದಿದೆ. ಹಾಗಾಗಿ ಇಲ್ಲಿನ ಅಧೀನತೆಯು ಮೊದಲನೆಯ ಮನುಷ್ಯನು ಕೊಡದೆಹೋದ ವಿಧೇಯತೆಯನ್ನು ಕಡೆಯ ಆದಾಮನು ಇಡೀ ಸೃಷ್ಟಿಯ ಪರವಾಗಿ ತಂದೆಗೆ ಸಲ್ಲಿಸುವುದು. ಎರಡನೆಯದಾಗಿ, ಕ್ರಮವನ್ನು ನೋಡಿರಿ: ಸಮಸ್ತವನ್ನೂ ಮಗನಿಗೆ ಅಧೀನಮಾಡುವವನು ತಂದೆ, ಅದನ್ನು ತಂದೆಗೆ ಒಪ್ಪಿಸುವವನು ಮಗನು. ತಂದೆಯಿಂದ ಬಂದದ್ದು ತಂದೆಗೆ ಮರಳುತ್ತದೆ. ಫಿಲಿಪ್ಪಿ 2:9ರಿಂದ 11ರಲ್ಲಿಯೂ ಇದೇ ಸುತ್ತು ಇದೆ: ತಂದೆಯು ಯೇಸುವಿಗೆ ಎಲ್ಲಾ ಹೆಸರುಗಳಿಗಿಂತ ಶ್ರೇಷ್ಠವಾದ ಹೆಸರನ್ನು ದಯಪಾಲಿಸುತ್ತಾನೆ, ಎಲ್ಲರೂ ಆ ಹೆಸರಿಗೆ ಅಡ್ಡಬೀಳುತ್ತಾರೆ, ಅದರಿಂದ ಘನತೆ ಬರುವುದು ತಂದೆಯಾದ ದೇವರಿಗೆ. ಮಗನಿಗೆ ಸಲ್ಲಿಸಿದ ಆರಾಧನೆಯಿಂದ ತಂದೆಯ ಪಾಲು ಕಡಿಮೆಯಾಗುವುದಿಲ್ಲ.

ಮೂರನೆಯದಾಗಿ, ಈ ಭಾಗದಿಂದ ಮಗನ ಆಳ್ವಿಕೆಯೇ ಕೊನೆಗೊಳ್ಳುತ್ತದೆಂದು ತೀರ್ಮಾನಿಸಬಾರದು. ನಾಲ್ಕನೆಯ ಶತಮಾನದಲ್ಲಿ ಅಂಕಿರ ಪಟ್ಟಣದ ಮಾರ್ಸೆಲ್ಲಸ್‌ನ ಬೋಧನೆ ಅತ್ತ ವಾಲಿತೆಂದು ಸಭೆ ಭಾವಿಸಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗೆ ಸಂಬಂಧಿಸಿದ ವಿಶ್ವಾಸಪ್ರಮಾಣದಲ್ಲಿ ಆತನ ರಾಜ್ಯಕ್ಕೆ ಅಂತ್ಯವಿಲ್ಲ ಎಂಬ ಮಾತು ಸೇರಿರುವುದರ ಹಿನ್ನೆಲೆ ಇದೇ. ಆ ಮಾತು ದೇವದೂತನು ಮರಿಯಳಿಗೆ ಹೇಳಿದ್ದು, ಲೂಕ 1:33ರಲ್ಲಿದೆ. ಪ್ರಕಟನೆಯ ಕಡೆಯ ಅಧ್ಯಾಯದಲ್ಲಿಯೂ ದೇವರಿಗೂ ಕುರಿಮರಿಯಾದಾತನಿಗೂ ಇರುವ ಸಿಂಹಾಸನ ಒಂದೇ.

ಪವಿತ್ರಾತ್ಮನ ವಿಷಯ

ಯೋಹಾನ 15:26ರಂತೆ ಪವಿತ್ರಾತ್ಮನು ತಂದೆಯಿಂದ ಹೊರಡುವವನು. ಇದನ್ನು ಮೂರನೆಯ ಕಾಲಮಿನಲ್ಲಿಯೇ ಬರೆಯಿರಿ. ಪಾಶ್ಚಾತ್ಯ ಸಭೆಯು ವಿಶ್ವಾಸಪ್ರಮಾಣದ ಈ ಸಾಲಿಗೆ ಮಗನಿಂದಲೂ ಎಂಬ ಮಾತನ್ನು ಸೇರಿಸಿತು, 1014ರಲ್ಲಿ ಅದು ರೋಮಿನ ಆರಾಧನೆಯಲ್ಲಿಯೂ ಬಳಕೆಗೆ ಬಂತು. ತಂದೆಯೊಬ್ಬನೇ ಮೂಲನೆಂಬ ಸತ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆ ಎಂಬುದು ಪೌರಸ್ತ್ಯ ಆರ್ಥಡಾಕ್ಸ್ ಸಭೆಗಳ ಆಕ್ಷೇಪ, ಅದು ಇಂದಿಗೂ ಉಳಿದಿದೆ. ಆದರೆ ಪಶ್ಚಿಮದವರು ತಂದೆಯ ಮೂಲತ್ವವನ್ನು ಮರೆತರು ಎಂದು ಬೋಧಿಸಿದರೆ ಅದು ಅನ್ಯಾಯ. 675ರಲ್ಲಿ ಸ್ಪೇನಿನ ತೊಲೇದೊದಲ್ಲಿ ಕೂಡಿದ ಬಿಷಪರ ಸಭೆಯು ತಂದೆಯನ್ನು ಇಡೀ ದೈವತ್ವದ ಚಿಲುಮೆಯೂ ಮೂಲವೂ ಎಂದೇ ಕರೆಯಿತು. ಹದಿಮೂರನೆಯ ಶತಮಾನದ ಪಾಶ್ಚಾತ್ಯ ಪಂಡಿತ ಥಾಮಸ್ ಅಕ್ವಿನಾಸನು ಮಾತ್ರ, ಗ್ರೀಕರಂತೆ ತಂದೆಯನ್ನು ಕಾರಣನೆಂದು ಕರೆದರೆ ಮಗನು ಕಾರ್ಯವೆಂಬ ಕೀಳು ಅರ್ಥ ಬಂದೀತೆಂದು ಎಚ್ಚರವಹಿಸಿ, ಮೂಲವೆಂಬ ಮಾತೇ ಲೇಸೆಂದನು. ಕೂಟದಲ್ಲಿ ನೀವೂ ಅದನ್ನೇ ಬಳಸಿರಿ.

ಈಚಿನ ಒಂದು ವಿವಾದವನ್ನೂ ತಿಳಿದಿರಬೇಕು. ಮಗನು ನಿತ್ಯವಾಗಿ ತಂದೆಯ ಅಧಿಕಾರಕ್ಕೆ ಅಧೀನನಾಗಿದ್ದಾನೆಂದು ಕೆಲವು ಇವಾಂಜೆಲಿಕಲ್ ಪಂಡಿತರು ಕಲಿಸಿ, 1 ಕೊರಿಂಥ 11:3ರ ಆಧಾರದಿಂದ ಅದನ್ನು ಗಂಡಹೆಂಡಿರ ಸಂಬಂಧಕ್ಕೂ ಜೋಡಿಸಿದರು. 2016ರಲ್ಲಿ ಅವರ ಬಳಗದ ಒಳಗೇ ಇದಕ್ಕೆ ತೀವ್ರ ವಿರೋಧ ಎದ್ದಿತು. ಒಬ್ಬನು ಆಜ್ಞಾಪಿಸಿ ಇನ್ನೊಬ್ಬನು ಪಾಲಿಸಬೇಕಾದರೆ ಎರಡು ಚಿತ್ತಗಳು ಬೇಕು, ಸಭೆಯು ತ್ರಯೈಕ ದೇವರಲ್ಲಿ ಒಂದೇ ಚಿತ್ತವನ್ನು ಅರಿಕೆಮಾಡುತ್ತದೆ ಎಂಬ ಆಕ್ಷೇಪವೇ ನನಗೆ ಬಲವಾಗಿ ಕಾಣುತ್ತದೆ. ಮನೆಯೊಳಗಿನ ಅಧಿಕಾರದ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೇವರ ಅಂತರಂಗದ ಜೀವಿತವನ್ನು ಎಳೆದು ತರುವುದಂತೂ ಎರಡೂ ವಿಷಯಗಳನ್ನು ಕೆಡಿಸುತ್ತದೆ.

ತಂದೆ ಎಂದಾಗ ಮನಸ್ಸಿಗೆ ಬರುವ ಚಿತ್ರ

ದೇವರನ್ನು ತಂದೆ ಎಂದು ಕರೆದರೆ ಆತನು ಪುರುಷನೆಂದು ಅರ್ಥವಲ್ಲ. ಹಾಗೆ ಭಾವಿಸುವವರನ್ನು ಗ್ರೆಗರಿಯು ಆಗಲೇ ಹಾಸ್ಯಮಾಡಿದ್ದನು. ಯೆಶಾಯ 49:15 ಮತ್ತು 66:13ರಲ್ಲಿ ದೇವರು ತಾಯಿಯ ಮಮತೆಯನ್ನು ತನ್ನದಾಗಿ ಹೇಳಿಕೊಳ್ಳುತ್ತಾನೆ. ಕೂಟದಲ್ಲಿ ಕ್ರೂರನಾದ ತಂದೆಯ ಕೈಯಲ್ಲಿ ನೊಂದು ಬೆಳೆದವರೂ ಇರಬಹುದು. ಅವರಿಗೆ ತಂದೆಯ ಪರಮಾಧಿಕಾರ ಎಂಬ ಮಾತು ಕಿವಿಗೆ ಬೀಳುವುದೇ ಬೇರೆ ಬಗೆಯಾಗಿ. ಅಂಥವರೊಂದಿಗೆ ಎಫೆಸ 3:14, 15ನ್ನು ಓದಿರಿ. ಎಲ್ಲಾ ತಂದೆತನಕ್ಕೂ ಹೆಸರು ಬಂದದ್ದು ದೇವರಿಂದ; ಆದುದರಿಂದ ಮನುಷ್ಯರ ತಂದೆತನವನ್ನು ದೇವರ ತಂದೆತನದಿಂದ ಅಳೆಯಬೇಕೇ ಹೊರತು ದೇವರನ್ನು ಮನೆಯ ತಂದೆಯಿಂದ ಅಳೆಯಬಾರದು. ಜನಾಂಗಗಳ ದೊರೆಗಳು ದಬ್ಬಾಳಿಕೆ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂದು ಶಿಷ್ಯರಿಗೆ ಹೇಳಿದ ಯೇಸುವೇ ತನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂದೂ ಹೇಳಿದನು.

ಪ್ರಾರ್ಥನೆಯನ್ನು ತಿದ್ದಿಕೊಳ್ಳುವುದು

ಓದಿದ್ದು ಪ್ರಾರ್ಥನೆಯಲ್ಲಿ ಕಾಣಿಸಿಕೊಳ್ಳಬೇಕು. ಎಫೆಸ 2:18ರ ಕ್ರಮದಂತೆ ನಾವು ಮಗನ ಮೂಲಕ, ಒಬ್ಬ ಆತ್ಮನಲ್ಲಿ, ತಂದೆಯ ಬಳಿಗೆ ಬರುತ್ತೇವೆ. ಬೆಸಿಲನು ಕೈಸರೈಯದ ಸಭೆಯಲ್ಲಿ ಮಗನ ಮೂಲಕ ಪವಿತ್ರಾತ್ಮನಲ್ಲಿ ತಂದೆಗೆ ಮಹಿಮೆ ಎಂದೂ, ಮಗನೊಂದಿಗೆ ಪವಿತ್ರಾತ್ಮನೊಂದಿಗೆ ತಂದೆಗೆ ಮಹಿಮೆ ಎಂದೂ ಎರಡು ಬಗೆಯಾಗಿ ಸ್ತುತಿ ಹೇಳುತ್ತಿದ್ದನು. ಇವು ಒಂದಕ್ಕೊಂದು ವಿರುದ್ಧವೆಂದು ಕೆಲವರು ದೂರಿದಾಗ, ಪವಿತ್ರಾತ್ಮನನ್ನು ಕುರಿತ ತನ್ನ ಗ್ರಂಥದಲ್ಲಿ ಆತನು ಎರಡನ್ನೂ ಸಮರ್ಥಿಸಿದನು: ಮೊದಲನೆಯದು ಕೃಪೆಯು ನಮಗೆ ಬಂದ ದಾರಿಯನ್ನೂ ಎರಡನೆಯದು ಮೂವರ ಸಮಾನ ಘನತೆಯನ್ನೂ ತೋರಿಸುತ್ತದೆ. ಯೇಸುವನ್ನು ನೇರವಾಗಿ ಕರೆದು ಪ್ರಾರ್ಥಿಸುವುದೂ ತಪ್ಪಲ್ಲ. ಕಲ್ಲೇಟು ಬೀಳುತ್ತಿದ್ದಾಗ ಸ್ತೆಫನನು ಹಾಗೆಯೇ ಪ್ರಾರ್ಥಿಸಿದನು.

ಕೂಟದಲ್ಲಿ ಪ್ರಾರ್ಥನೆ ನಡೆಯುವಾಗ ಯಾರನ್ನು ಕರೆದು ಆರಂಭಿಸಲಾಯಿತು, ನಡುವೆ ಯಾರಿಗೆ ಯಾವ ಕಾರ್ಯವನ್ನು ಹೇಳಲಾಯಿತು ಎಂಬುದನ್ನು ಗಮನಿಸಿರಿ. ಪರಲೋಕದ ತಂದೆಯೇ ಎಂದು ತೊಡಗಿ, ನೀನು ನಮಗೋಸ್ಕರ ಶಿಲುಬೆಯ ಮೇಲೆ ರಕ್ತ ಸುರಿಸಿದ್ದಕ್ಕಾಗಿ ಸ್ತೋತ್ರ ಎಂದು ಮುಂದುವರಿಸುವುದು ತೀರ ಸಾಮಾನ್ಯವಾದ ತಪ್ಪು. ಪ್ರಾಕ್ಸೆಯಸ್ ಎಂಬವನು ತನ್ನ ಬೋಧನೆಯಿಂದ ತಂದೆಯನ್ನೇ ಶಿಲುಬೆಗೆ ಹಾಕಿದನು ಎಂದು ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮೂರನೆಯ ಶತಮಾನದ ಆರಂಭದಲ್ಲಿ ದೂರಿದ್ದು ಇಂಥ ಬೆರಕೆಯನ್ನೇ. ನಿನ್ನ ಮಗನನ್ನು ನಮಗೋಸ್ಕರ ಕೊಟ್ಟದ್ದಕ್ಕಾಗಿ ಸ್ತೋತ್ರ ಎಂದರೆ ಸಾಕು. ಕೊಟ್ಟವನ ಹಿರಿಮೆಯೂ ತನ್ನನ್ನು ಒಪ್ಪಿಸಿಕೊಟ್ಟವನ ಹಿರಿಮೆಯೂ ಸರಿಯಾದ ಸ್ಥಾನದಲ್ಲಿ ನಿಲ್ಲುತ್ತವೆ. ಪ್ರಾರ್ಥಿಸುತ್ತಿರುವವರನ್ನು ನಡುವೆ ತಡೆದು ತಿದ್ದಬೇಡಿರಿ. ಮುಂದಿನ ವಾರದ ಪಾಠಕ್ಕೆ ರೋಮಾಪುರ 8:32ನ್ನು ಇಟ್ಟುಕೊಳ್ಳಿರಿ.